ವಂದ ಅಂದರೆ ಒಂದಲ್ಲ

ಇನ್ನೂರರಲ್ಲಿ ಅರ್ಧ ಎಷ್ಟು ಅಂತ ಕೇಳಿದರೆ ಐದನೇ ಕ್ಲಾಸಿನ ಮಗು "ಒಂದು" ಅನ್ನುತ್ತದೆ. ಐವತ್ತಕ್ಕೆ ಐವತ್ತು ಸೇರಿಸು ಅಂದರೂ "ಒಂದು". ಒಂದು ಮಗು ಹಾಗಂದರೆ ಬಾಯಿತಪ್ಪಿ ಅಂದಿದೆ ಅಂತ ಬಿಡಬಹುದು. ಪಾವಗಡ ತಾಲ್ಲೂಕಿನಲ್ಲಿ ಹೋದ ಶಾಲೆಯಲ್ಲೆಲ್ಲ ಮಕ್ಕಳು ಇದೇ ಉತ್ತರ ಕೊಟ್ಟಿದ್ದಾರೆ ಅಂತ ಹಾಳೆಗಳಲ್ಲಿ ಕಂಡಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕೋಣೆಯಲ್ಲೇ ಓಡಾಡಿದೆ. ಸಂಶೋಧನೆ ಅಂತ ಒದ್ದಾಡುವವರಿಗೆ ಇಂಥ ದಿನ ಬರುವುದು ಅಪರೂಪ. ಆ ದಿನದ ನನ್ನ ಖುಷಿಯನ್ನು ನೆನೆದರೆ ಈಗ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ನಾನು ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ಗಣಿತ ಕಲಿಸುವುದು ಹೇಗೆ ಅಂತ ಕಲಿಸುವವಳು. ಬಾಯಿಲೆಕ್ಕ ಮಾಡುವಾಗ ಮಕ್ಕಳ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಶಾಲೆಗಳನ್ನು ಆರಿಸಿಕೊಂಡಿದ್ದೆ. ಮಗುವಿನ ಕೈಗೆ ಕಾಗದ, ಪೆನ್ಸಿಲ್ ಕೊಡುವ ಹಾಗಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಬೇಕು. ಉತ್ತರ ಬಂದ ಮೇಲೆ "ಹೆಂಗೆ ಗೊತ್ತಾಯ್ತು?" ಅಂತ ಇನ್ನೊಮ್ಮೆ ಕೇಳಬೇಕು. ರೆಕಾರ್ಡರ್ ಮೊದಲಿಂದ ಕೊನೆಯವರೆಗೂ ಓಡುತ್ತಿರಬೇಕು. ಉತ್ತರ ಸರಿಯೋ ತಪ್ಪೋ ಅನ್ನುವುದು ಕೇಳುವವರ ಮುಖದಲ್ಲಿ ಕಾಣಬಾರದು. ಆಮೇಲೆ ರೆಕಾರ್ಡಿಂಗ್ ಕೇಳಿಸಿಕೊಂಡು ಮಗು ಅಂದದ್ದನ್ನು ಹಾಳೆಯಲ್ಲಿ ಬರೆಯಬೇಕು.

ಶಿರಾದಲ್ಲಿ ಮೊದಲ ದಿನವೇ ತೊಡಕಾಯಿತು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯೊಬ್ಬಳು ತುಟಿಯೊಳಗೇ ಏನೋ ಅಂದುಕೊಂಡು ಕೊನೆಗೆ "ಸೌ" ಅಂದಳು. ನೂರು ಅನ್ನುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು, ಆದರೆ ಅದಕ್ಕೆ ಮುಂಚೆ ಅಂದುಕೊಂಡದ್ದು ಗೊತ್ತಾಗಲಿಲ್ಲ. ಅಲ್ಲಿಗೇ ಕೆಲಸ ನಿಲ್ಲಿಸಿ, ಉರ್ದು ಬಲ್ಲ ಟೀಚರಮ್ಮ ಒಬ್ಬರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಂಡೆ. ಮಗು ಯಾವ ಭಾಷೆಯಲ್ಲಿ ಹೇಳಿದರೂ ಲೆಕ್ಕ ಲೆಕ್ಕವೇ, ಭಾಷೆಗಾಗಿ ಮಾರ್ಕು ಕಡಿಮೆಯಾಗಬಾರದು ಅಂತ ಆಕೆಗೆ ದೊಡ್ಡ ಭಾಷಣವನ್ನೂ ಬಿಗಿದೆ. "ಗೊತ್ತು ಬುಡಿ ಮೇಡಂ, ನಾವು ದಿನಾ ಮಾಡೋದು ಅದೇನೆ" ಅಂತ ಆಕೆ ಟೀ ಲೋಟ ನನ್ನ ಮುಂದಿಟ್ಟರು.

ಪಾವಗಡದ ಸರದಿ ಬಂದಾಗ ಮಾತ್ರ ನಾನು ಹಿಂದೆ ಸರಿದೆ. ಆ ತಾಲ್ಲೂಕನ್ನು ನನಗೆ ಸಹಾಯಕ್ಕಿದ್ದ ಕೊರಟಗೆರೆಯ ಮೇಷ್ಟ್ರಿಗೆ ವಹಿಸಿದೆ. ಅವರು ನಿವೃತ್ತರಾದ ಪ್ರೈಮರಿ ಮೇಷ್ಟ್ರು, ಮಕ್ಕಳೆಂದರೆ ಜೀವ ಬಿಡುವವರು.

"ಅಲ್ಲ ಕಣಮ್ಮ, ಅತ್ತಕಡೆ ಪೂರ್ತಿ ತೆಲುಗು. ನಂಗೆ ಒಂದಕ್ಷರ ಬರಾಕಿಲ್ಲ. ಬ್ಯಾರೆ ಯಾರ್ನಾರ ನೋಡು" ಅಂದರು.

"ಶಾಲೆ ಕನ್ನಡ ಮೀಡಿಯಮ್ಮು ಸಾರ್. ಮಕ್ಕಳು ಕನ್ನಡದಲ್ಲೇ ಹೇಳ್ತಾರೆ" ಅಂದೆ. ಅವರ ಸಮಾಧಾನಕ್ಕೆ ಒಂದರಿಂದ ಹತ್ತರವರೆಗಿನ ತೆಲುಗು ಎಣಿಕೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

"ಇದು ಎಲ್ ಸಿಕ್ತು ನಿಂಗೆ?"

"ಇಂಟರ್‌ನೆಟ್ಟಲ್ಲಿ ಸಾರ್."

ಇಂಟರ್‌ನೆಟ್ಟೂ ಇಲ್ಲ, ಗಿಂಟರ್‌ನೆಟ್ಟೂ ಇಲ್ಲ. ನನ್ನ ಮನೆಮಾತು ತೆಲುಗು. ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನ ಗಡಿಹಳ್ಳಿಯಲ್ಲಿ. ಮಧುಗಿರಿಯಲ್ಲಿ ಟೀಚರ್ ಟ್ರೈನಿಂಗ್ ಓದುವಾಗ ಬಡವನಹಳ್ಳಿ ಕಡೆಯ ಒಂದು ಶಾಲೆಗೆ ಪಾಠ ಮಾಡಲು ಕಳಿಸಿದ್ದರು. ಎಂಟರ ಮಗ್ಗಿ ಹೇಳಿಸುತ್ತಾ "ಎಂಟೆರಡ್ಲ ಪದಹಾರು" ಅಂದುಬಿಟ್ಟೆ. ತೆಲುಗಿನಲ್ಲಿ ಹದಿನಾರಕ್ಕೆ ಹಾಗನ್ನುತ್ತಾರೆ. ಮಕ್ಕಳು ನಕ್ಕವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಜೊತೆಯವರು ಮಕ್ಕಳಿಗಿಂತ ಜೋರಾಗಿ ನಕ್ಕರು. ಆವತ್ತಿಂದ ಕೋರ್ಸು ಮುಗಿಯುವವರೆಗೂ ಹಾಸ್ಟೆಲಿನಲ್ಲಿ ನನ್ನ ಹೆಸರು ಪದಹಾರು. ಆಮೇಲೆ ನಾಲಿಗೆಯನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡೆ. ಈಗ ಯಾರಾದರೂ ಯಾವ ಊರು ಅಂದರೆ ಮಧುಗಿರಿ ಅನ್ನುತ್ತೇನೆ. ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂದರೆ ಎದ್ದು ಹೊಂಗೆಮರದ ಕೆಳಗೆ ಹೋಗಿ ಮಾತಾಡುತ್ತೇನೆ. ಪಾವಗಡಕ್ಕೆ ನಾನೇ ಹೋದರೆ ಗುರುತು ಸಿಕ್ಕೀತು, ಯಾರಾದರೂ ಬಂಧುಗಳು ತೆಲುಗಿನಲ್ಲಿ ಕೂಗಿ ಮಾತಾಡಿಸಿಯಾರು ಅನ್ನುವ ಅಳುಕು. "ಸಂಶೋಧಕಿಗೆ ಪರಿಚಯವಿರುವ ಊರನ್ನು ಬೇರೆಯವರು ನೋಡುವುದು ಒಳ್ಳೆಯದು" ಅಂತ ನನಗೆ ನಾನೇ ಶಾಸ್ತ್ರ ಹೇಳಿಕೊಂಡೆ.

ಆದರೂ ಮೊದಲ ದಿನ ವಿಧಾನ ತೋರಿಸಲು ಮೇಷ್ಟ್ರ ಜೊತೆ ಹೋಗಲೇಬೇಕಾಯಿತು. ತಿರುಮಣಿ ಕಡೆಯ ಶಾಲೆ. ಕಿಟಕಿಯಿಂದ ಕಾಣುವಷ್ಟು ದೂರವೂ ಸೋಲಾರ್ ಪ್ಲೇಟುಗಳೇ. ಮೊದಲು ಬಂದವಳು ಎರಡು ಜಡೆಗೆ ಕೆಂಪು ಟೇಪು ಕಟ್ಟಿದ ಹುಡುಗಿ, ಕಾಲು ಆಡಿಸುತ್ತಾ ಕೂತಳು. ಮೇಷ್ಟ್ರು ರೆಕಾರ್ಡರ್ ಒತ್ತಿದರು. ಹುಡುಗಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, "ಮಿಸ್, ತೆಲುಗುಲೋ ಚೆಪ್ಪೊಚ್ಚಾ?" ಅಂದಳು. ತೆಲುಗಿನಲ್ಲಿ ಹೇಳಬಹುದಾ ಅಂತ.

"ಏನಂತೈತೆ ಮಗ?" ಅಂತ ಮೇಷ್ಟ್ರು ನನ್ನನ್ನು ಕೇಳಿದರು.

"ಗೊತ್ತಾಗ್ಲಿಲ್ಲ ಸಾರ್" ಅಂದೆ. "ನೀವು ಶುರು ಮಾಡಿ, ನಾನು ನೀರು ಕುಡಿದು ಬರ್ತೀನಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಹೋಗಿ ನಲ್ಲಿಯ ಹತ್ತಿರ ಸುಮ್ಮನೆ ನಿಂತಿದ್ದೆ. ವಾಪಸು ಬಂದಾಗ ಅವಳ ಸರದಿ ಮುಗಿದು ಬೇರೆ ಮಗು ಕೂತಿತ್ತು. ಆಮೇಲೆ ನಾನು ಆ ತಾಲ್ಲೂಕಿನ ಯಾವ ಶಾಲೆಗೂ ಹೋಗಲಿಲ್ಲ.

ಮೇಷ್ಟ್ರು ಪ್ರಾಮಾಣಿಕರು. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದರು. ಮಕ್ಕಳು ಒಂದು, ಎರಡನ್ನು ತೆಲುಗಿನಲ್ಲಿ ಅಂದ ಕಡೆ ಚೀಟಿ ನೋಡಿಕೊಂಡು ಸರಿಯಾಗಿಯೇ ಗುರುತಿಸಿದ್ದರು. ಇನ್ನೂರರ ಅರ್ಧಕ್ಕೆ ಹಾಳೆಯಾದ ಮೇಲೆ ಹಾಳೆಯಲ್ಲಿ "ಉತ್ತರ: ಒಂದು. ವಿವರಣೆ: ಇಲ್ಲ" ಅಂತ ಇತ್ತು. ಪ್ರತಿ ರೆಕಾರ್ಡಿಂಗನ್ನೂ ನಾನು ಖುದ್ದಾಗಿ ಇನ್ನೊಮ್ಮೆ ಕೇಳುತ್ತೇನೆ ಅಂತ ನನ್ನ ಸಂಶೋಧನಾ ವಿಧಾನದಲ್ಲಿ ನಾನೇ ಬರೆದುಕೊಂಡಿದ್ದೆ. ಮೂರು ತಾಲ್ಲೂಕಿನದು ಕೇಳಿದೆ. ಪಾವಗಡದ್ದು ಕೇಳಲಿಲ್ಲ.

ಕೇಳದೆಯೇ ಸಿದ್ಧಾಂತ ಕಟ್ಟಿದೆ. ಈ ಮಕ್ಕಳು ಇನ್ನೂರರ ಎರಡನ್ನು ಮಾತ್ರ ಅರ್ಧ ಮಾಡುತ್ತಾರೆ, ಸೊನ್ನೆಗಳನ್ನು ಬಿಟ್ಟುಬಿಡುತ್ತಾರೆ. ಐವತ್ತಕ್ಕೆ ಐವತ್ತು ಅಂದಾಗ ಐದಕ್ಕೆ ಐದು ಸೇರಿ ಹತ್ತಾದರೆ ಅಲ್ಲೂ ಸೊನ್ನೆ ಬಿಟ್ಟು ಒಂದು ಅನ್ನುತ್ತಾರೆ. ಇದಕ್ಕೆ "ಸೊನ್ನೆ ನುಂಗುವಿಕೆ" ಅಂತ ಹೆಸರನ್ನೂ ಇಟ್ಟೆ. ನನ್ನ ಮಾರ್ಗದರ್ಶಕರು ಮೆಚ್ಚಿಕೊಂಡರು. ಒಂದೇ ಒಂದು ಪ್ರಶ್ನೆ ಕೇಳಿದರು: "ನಾನೂರರಲ್ಲಿ ಅರ್ಧಕ್ಕೆ ಇದೇ ಮಕ್ಕಳು ಇನ್ನೂರು ಅಂತ ಸರಿಯಾಗಿ ಹೇಳಿದಾರಲ್ಲ, ಅಲ್ಲಿ ಯಾಕೆ ಸೊನ್ನೆ ನುಂಗಲಿಲ್ಲ?"

"ಅದು ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ ಸಾರ್" ಅಂದೆ. ಅವರು ತಲೆಯಾಡಿಸಿದರು. ನನಗೇ ಅನುಮಾನ ಬರಬೇಕಿತ್ತು. ಬಂದಿದ್ದರೂ ನಾನು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬೆಳೆದ ಸಿದ್ಧಾಂತ ಅದು.

ಸೊನ್ನೆ ನುಂಗುವ ಮಕ್ಕಳ ಹೆಸರುಗಳನ್ನು ಆಯಾ ಶಾಲೆಗೆ ಕಳಿಸಿದೆ. ಮಧ್ಯಾಹ್ನದ ಮೇಲೆ ಅವರನ್ನು ಬೇರೆ ಕೂರಿಸಿ ಸೊನ್ನೆ ಪಾಠ ಮಾಡಿ ಅಂತ ಸಲಹೆಯನ್ನೂ ಕೊಟ್ಟೆ. ಶಾಲೆಗಳವರು ಚಾಚೂ ತಪ್ಪದೆ ಮಾಡಿದರು. ಕೆಲವು ವಾರಗಳಾದ ಮೇಲೆ ನಾಲ್ಕೂ ತಾಲ್ಲೂಕಿನ ಶಿಕ್ಷಕರಿಗೆ ಮಧುಗಿರಿಯಲ್ಲಿ ತರಬೇತಿ ಇಟ್ಟುಕೊಂಡೆವು. ಸೊನ್ನೆ ನುಂಗುವುದು ಅಂದರೇನು ಅಂತ ಎಲ್ಲರಿಗೂ ಮಗುವಿನ ಬಾಯಲ್ಲೇ ಕೇಳಿಸಬೇಕು ಅಂತ ನನ್ನ ಆಸೆ. ದನಿ ಸ್ಪಷ್ಟವಾಗಿರುವುದು ಒಂದು ಆರಿಸಿಕೊಡಿ ಅಂದಾಗ ಮೇಷ್ಟ್ರು ಪ್ರಶ್ನೋತ್ತರದ ಭಾಗವನ್ನಷ್ಟೇ ಕತ್ತರಿಸಿ ಕೊಟ್ಟಿದ್ದರು. ಅದು ಕೆಂಪು ಟೇಪಿನ ಹುಡುಗಿಯದು.

ಸ್ಪೀಕರಿನಲ್ಲಿ ಮೇಷ್ಟ್ರ ದನಿ ಬಂತು. "ಇನ್ನೂರ್‍ರಲ್ಲಿ ಅರ್ಧ ಎಷ್ಟವ್ವಾ?" ಅದು ಮುಗಿಯುವ ಮೊದಲೇ ಹುಡುಗಿಯ ಗಟ್ಟಿ ದನಿ: "ವಂದ."

ವಂದ ಅಂದರೆ ತೆಲುಗಿನಲ್ಲಿ ನೂರು. ನಮ್ಮಜ್ಜಿ ನೂರನ್ನು ನೂರು ಅಂತಲೇ ಅನ್ನುತ್ತಿದ್ದಳು. ಈಗಿನ ಮಕ್ಕಳು ಟೀವಿ ನೋಡಿ ವಂದ ಅನ್ನುತ್ತವೆ. ಇನ್ನೂರು ಮಾತ್ರ ನಮ್ಮ ಕಡೆ ಎರಡೂ ಭಾಷೆಯಲ್ಲಿ ಇನ್ನೂರೇ, ಅದಕ್ಕೇ ನಾನೂರರ ಅರ್ಧಕ್ಕೆ ಬಂದ ಉತ್ತರ ಸರಿಯಾಗಿತ್ತು. ಕೊರಟಗೆರೆ ಕಡೆ ಒಂದು ಅನ್ನುವುದನ್ನೇ ವಂದು ಅನ್ನುವವರಿದ್ದಾರೆ. ಮೇಷ್ಟ್ರಿಗೆ ಅದು ಒಂದು ಅಂತ ಕೇಳಿಸಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ನಾನು ಬರೆದುಕೊಟ್ಟ ಚೀಟಿ ಹತ್ತಕ್ಕೇ ನಿಂತಿತ್ತು.

ಹಿಂದಿನ ಸಾಲಿನಿಂದ ಪಾವಗಡದ ಶಿಕ್ಷಕರೊಬ್ಬರು ಎದ್ದು ನಿಂತರು. ಹುಡುಗಿಯ ಶಾಲೆಯವರೇ. "ಮೇಡಂ, ಪಾಪ ಆಯಮ್ಮಿ ಕರೆಕ್ಟಾಗೇ ಹೇಳೈತೆ ಕದಾ. ವಂದ ಅಂದ್ರೆ ನೂರು."

ಆಮೇಲೆ ಯಾರೋ ನಕ್ಕರು, ನಗು ಮುಂದಿನ ಸಾಲಿನವರೆಗೂ ಬಂತು. ನನಗೆ ಬಡವನಹಳ್ಳಿಯ ಆ ಕ್ಲಾಸು ನೆನಪಾಯಿತು. ಯೋಚನೆ ಮಾಡುವ ಮೊದಲೇ ನನ್ನ ಬಾಯಿ ಅಂದುಬಿಟ್ಟಿತು: "ಹೌದಾ? ಕ್ಷಮಿಸಿ, ನನಗೆ ತೆಲುಗು ಬರಲ್ಲ."

ಎಲ್ಲರೂ ನನ್ನನ್ನು ಕ್ಷಮಿಸಿದರು. ಭಾಷೆ ಬರದಿದ್ದರೆ ಅವರೇನು ಮಾಡುತ್ತಾರೆ ಪಾಪ ಅಂದರು. ಟೀ ಕುಡಿಯುವಾಗ ಶಿರಾದ ಟೀಚರಮ್ಮ ಹತ್ತಿರ ಬಂದರು. "ನಮ್ಮಲ್ಲಿ ನನ್ನ ಕೂರಿಸ್ಕೊಂಡಿದ್ರಿ. ಅಲ್ಲಿ ಯಾರ್ನೂ ಕೂರಿಸ್ಕೊಳ್ಳಿಲ್ವಾ ಮೇಡಂ?"

"ಯಾರೂ ಸಿಗ್ಲಿಲ್ಲ."

"ತೆಲುಗು ಬರೋರು ಸಿಗ್ಲಿಲ್ವಾ? ಪಾವಗಡದಲ್ಲಿ?" ಅಂದು ಆಕೆ ನನ್ನ ಮುಖ ನೋಡಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು.

ಅದಕ್ಕಿಂತ ಕಷ್ಟವಾದದ್ದು ಮೇಷ್ಟ್ರನ್ನು ನೋಡುವುದು. ಅವರು ಗೋಡೆಯ ಹತ್ತಿರ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಿನ್ ಕೆಲ್ಸಾನ ನಾನೇ ಕೆಡಿಸ್ಬುಟ್ಟೆ ಕಣಮ್ಮ. ಆ ಮಕ್ಳಿಗೂ ಮೋಸ ಮಾಡ್ಬುಟ್ಟೆ" ಅಂದರು. "ಇರ್ಲಿ ಬಿಡಿ ಸಾರ್" ಅಂತ ಅವರ ತಪ್ಪನ್ನು ಕ್ಷಮಿಸುವವಳ ಹಾಗೆ ಮಾತಾಡಿದೆ. ಥೂ ನನ್ನ ಜನ್ಮಕ್ಕೆ ಅಂತ ಒಳಗೆ ಅಂದುಕೊಂಡೆ, ಹೊರಗೆ ಮಾತ್ರ ಅವರ ಬೆನ್ನು ಸವರಿದೆ.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. "ಪಾವಗಡದ ಅಧ್ಯಾಯ ತೆಗೆದುಬಿಡು. ಅಧ್ಯಯನದ ಮಿತಿಗಳು ಅನ್ನೋ ಕಡೆ 'ಸಂಶೋಧಕಿಗೆ ಸ್ಥಳೀಯ ಭಾಷೆ ತಿಳಿದಿರಲಿಲ್ಲ' ಅಂತ ಒಂದು ಸಾಲು ಸೇರಿಸು. ಎಲ್ಲರೂ ಸೇರಿಸ್ತಾರೆ" ಅಂದರು. ಆ ಸಾಲನ್ನು ಟೈಪ್ ಮಾಡಿದೆ. ಓದಲು ಚೆನ್ನಾಗಿಯೇ ಇತ್ತು.

ಅಧ್ಯಾಯ ತೆಗೆಯುವ ಮೊದಲಾದರೂ ಒಂದು ಸಲ ಕೇಳಿಬಿಡೋಣ ಅಂತ ಇಯರ್‌ಫೋನ್ ಹಾಕಿಕೊಂಡು ಪಾವಗಡದ ರೆಕಾರ್ಡಿಂಗುಗಳನ್ನು ತೆರೆದೆ. ಹೆಂಗೆ ಗೊತ್ತಾಯ್ತು ಅಂತ ಮೇಷ್ಟ್ರು ಕೇಳಿದಾಗ ಮಕ್ಕಳು ಸುಮ್ಮನಿರಲಿಲ್ಲ. ಕನ್ನಡದಲ್ಲಿ ಹೇಳಲಾಗದೆ ತಮ್ಮಷ್ಟಕ್ಕೇ ಗೊಣಗುತ್ತಿದ್ದವು. "ವಂದಾ ವಂದಾ ಇನ್ನೂರು ಕದಾ" ಅಂತ ಒಂದು ಮಗು ಅಂದುಕೊಂಡಿತ್ತು, ನೂರೂ ನೂರೂ ಇನ್ನೂರಲ್ಲವಾ ಅಂತ. ಅರ್ಧ ಮಾಡಿ, ಬಂದದ್ದನ್ನು ಮತ್ತೆ ಕೂಡಿ ತಾಳೆ ನೋಡುತ್ತಿತ್ತು. ಹಾಗೆ ತಾಳೆ ನೋಡುವುದನ್ನು ಕಲಿಸಿ ಅಂತ ನಾನು ಟ್ರೈನಿಗಳ ತಲೆ ತಿನ್ನುತ್ತೇನೆ. ಮಕ್ಕಳು ಅದನ್ನೇ ಮಾಡಿ ತೋರಿಸಿದ್ದಕ್ಕೆ ಹಾಳೆಯಲ್ಲಿ "ವಿವರಣೆ: ಇಲ್ಲ" ಅಂತ ಬಿದ್ದಿತ್ತು.

ಕೊನೆಗೆ ಕೆಂಪು ಟೇಪಿನ ಹುಡುಗಿಯದನ್ನು ಪೂರ್ತಿಯಾಗಿ ಹಾಕಿದೆ. ಮೊದಲು ಬಂದದ್ದು ಅವಳ ಪ್ರಶ್ನೆ, ತೆಲುಗಿನಲ್ಲಿ ಹೇಳಬಹುದಾ ಅಂತ. ಆಮೇಲೆ ಮೇಷ್ಟ್ರದು. ಆಮೇಲೆ ನನ್ನದು: "ಗೊತ್ತಾಗ್ಲಿಲ್ಲ ಸಾರ್." ಎಷ್ಟು ನಯವಾದ ದನಿ ಅಂದರೆ, ಬೇರೆ ಯಾರದೋ ಆಗಿದ್ದರೆ ನಾನೂ ನಂಬಿಬಿಡುತ್ತಿದ್ದೆ. ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದೆ.

ಸೊನ್ನೆ ಪಾಠ ನಿಲ್ಲಿಸಿ ಅನ್ನಲು ಪಾವಗಡದ ಆ ಶಿಕ್ಷಕರಿಗೆ ಫೋನ್ ಮಾಡಿದೆ. "ಅದು ನಿಲ್ಲಿಸಿದ್ವಿ ಮೇಡಂ" ಅಂದರು. ಆಮೇಲೆ, "ಆದ್ರೆ ಆಯಮ್ಮಿದೇ ಒಂದು ಬೇಜಾರು. ವಸತಿ ಶಾಲೆ ಪರೀಕ್ಷೆಗೆ ಕಟ್ಟಿಸ್ಬೇಕು ಅಂತಿದ್ವಿ. ಸೊನ್ನೆ ಪಾಠದ ಮಕ್ಕಳು ಬ್ಯಾಡ ಅಂತ ಹೆಡ್‌ಮೇಷ್ಟ್ರು ಬಿಟ್ಬುಟ್ಟಿದ್ರು. ಈಗ ಕಟ್ಟು ಅಂದ್ರೆ ಆಯಮ್ಮೀನೇ ಒಲ್ಲೆ ಅಂತಾಳೆ. ನಂಗೆ ಲೆಕ್ಕ ಬರಲ್ಲ ಅಂತಾಳೆ. ಹುಡುಗ್ರೆಲ್ಲ ಸುನ್ನಾ ಸುನ್ನಾ ಅಂತ ಕರೆದು ಕರೆದು ಹಂಗಾಗೈತೆ. ಅರ್ಜಿಗೆ ಈ ವಾರವೇ ಕೊನೆ."

ಸುನ್ನಾ ಅಂದರೆ ತೆಲುಗಿನಲ್ಲಿ ಸೊನ್ನೆ. ನನ್ನನ್ನು ಪದಹಾರು ಅಂದವರಿಗೆ ಏನೋ ಒಂದು ನೆಪವಾದರೂ ಇತ್ತು, ನಾನು ಬಾಯಿತಪ್ಪಿದ್ದೆ. ಈ ಹುಡುಗಿ ಸರಿ ಉತ್ತರ ಹೇಳಿ ಹೆಸರು ಕೆಡಿಸಿಕೊಂಡಳು, ಕೆಡಿಸಿದವಳು ನಾನು. ಅಧ್ಯಯನ ತಪ್ಪಾಗಿತ್ತು ಅಂತ ಹೆಡ್‌ಮೇಷ್ಟ್ರಿಗೆ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಅವರು ಒಪ್ಪುತ್ತಿದ್ದರು. ಹುಡುಗಿ ನಂಬಬೇಕಲ್ಲ, ಅದಕ್ಕೆ ನಾನೇ ಹೋಗಿ ಹೇಳಬೇಕಿತ್ತು.

ಟೈಪ್ ಮಾಡಿದ್ದ ಸಾಲನ್ನು ಅಳಿಸಿದೆ. ಅದೇ ಜಾಗದಲ್ಲಿ, "ಸಂಶೋಧಕಿಯ ಮನೆಮಾತು ತೆಲುಗು. ಅದನ್ನು ಮುಚ್ಚಿಡುವ ಸಲುವಾಗಿ ಆಕೆ ಪಾವಗಡದ ಮಕ್ಕಳ ಮಾತನ್ನು ಕೇಳಿಸಿಕೊಳ್ಳಲಿಲ್ಲ" ಅಂತ ಬರೆದೆ. ಮಾರ್ಗದರ್ಶಕರಿಗೆ ಫೋನಿನಲ್ಲಿ ಓದಿ ಹೇಳಿದೆ. "ಹೀಗೆ ಯಾರಾದ್ರೂ ಬರೀತಾರಾ? ಪರೀಕ್ಷಕರು ನಿನ್ನ ಹರಿದು ಹಾಕ್ತಾರೆ" ಅಂದರು. "ಹಾಕಲಿ ಸಾರ್" ಅಂದೆ. ತರಬೇತಿಗೆ ಬಂದಿದ್ದ ಶಿಕ್ಷಕರ ಗುಂಪಿಗೂ ಅದೇ ಎರಡು ಸಾಲು ಕಳಿಸಿದೆ. ಕಳಿಸಿ ಫೋನನ್ನು ಬೋರಲು ಹಾಕಿಟ್ಟೆ.

ಮೇಷ್ಟ್ರಿಗೆ ಮಾತ್ರ ಕೊರಟಗೆರೆಗೆ ಹೋಗಿ ಎದುರಿಗೇ ಹೇಳಿದೆ. ಅವರು ಬೈಯಲಿಲ್ಲ. "ನಿಮ್ಮಮ್ಮನ ಫೋನ್ ಬಂದಾಗೆಲ್ಲ ಎದ್ದೋಗ್ತಿದ್ದೆ. ಮನೇಲಿ ಏನೋ ತಾಪತ್ರಯ ಐತೆ ಅನ್ಕಂಡಿದ್ದೆ ಕಣಮ್ಮ" ಅಂದರು. ಆಮೇಲೆ, "ನಾನು ಅಷ್ಟು ಜನದ ಮುಂದೆ ಅತ್ತಿದ್ದು ದಂಡ ಆಯ್ತಲ್ಲ" ಅಂತ ಎದ್ದು ಒಳಗೆ ಹೋದರು. ಪಾವಗಡಕ್ಕೆ ಜೊತೆಗೆ ಬರುತ್ತೀರಾ ಅಂತ ಕೇಳುವ ಮುಖ ನನಗಿರಲಿಲ್ಲ. ಅವರಾಗಿಯೇ ಶರ್ಟು ಬದಲಾಯಿಸಿಕೊಂಡು ಬಂದರು.

ಅದೇ ಶಾಲೆ, ಅದೇ ಕಿಟಕಿ. ಹೆಡ್‌ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಅರ್ಜಿ ತೆರೆದಿಟ್ಟು ಕಾಯುತ್ತಿದ್ದರು. ಹುಡುಗಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕಾಲು ಆಡಿಸಲಿಲ್ಲ.

"ಇನ್ನೂರ್ಲೋ ಸಗಂ ಎಂತಮ್ಮಾ?" ಅಂದೆ, ಇನ್ನೂರರಲ್ಲಿ ಅರ್ಧ ಎಷ್ಟಮ್ಮ ಅಂತ. ಅಷ್ಟು ಜನರ ಮುಂದೆ ತೆಲುಗು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಅವಳು ಬೆಚ್ಚಿ ಹೆಡ್‌ಮೇಷ್ಟ್ರ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಕನ್ನಡದಲ್ಲಿ, ಮೆಲ್ಲಗೆ, "ನೂರು. ಒಂದು ಬರೆದು ಎರಡು ಸೊನ್ನೆ ಹಾಕಬೇಕು" ಅಂದಳು. ಸೊನ್ನೆ ಪಾಠದಲ್ಲಿ ಹೇಳಿಸಿದ್ದ ವಾಕ್ಯ ಅದು. ಆ ಪಾಠವನ್ನು ಬರೆದುಕೊಟ್ಟವಳು ನಾನೇ.

ಅವಳ ಭಾಷೆಯಲ್ಲೇ ಹೇಳಿದೆ. ನೀನು ಮೊದಲನೇ ದಿನ ಹೇಳಿದ್ದೇ ಸರಿ. ವಂದ ಅಂದದ್ದು ಸರಿ. ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ. ತಪ್ಪು ನಂದು, ನೀನು ಪರೀಕ್ಷೆಗೆ ಕಟ್ಟು. ಅವಳು ಜಡೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ತಲೆಯೆತ್ತಿದಳು.

"ಆ ಪೊದ್ದು ನೇನಡಿಗಿಂದಿ ಮೀಕು ಅರ್ಥಮಯ್ಯಿಂದಾ ಮಿಸ್?"

ಆವತ್ತು ನಾನು ಕೇಳಿದ್ದು ನಿಮಗೆ ಅರ್ಥವಾಯಿತಾ ಅಂತ. ಅರ್ಥ ಅನ್ನುವ ಮಾತು ಮೇಷ್ಟ್ರಿಗೂ ತಿಳಿಯಿತು. ಅವರೂ ನನ್ನ ಕಡೆ ತಿರುಗಿದರು.

"ಅಯ್ಯಿಂದಿ" ಅಂದೆ. ಅರ್ಥವಾಗಿತ್ತು ಅಂತ.

"ಮರಿ?" ಅಂದಳು. ಮತ್ತೆ ಯಾಕೆ ಅಂತ.

"ಸಿಗ್ಗಯ್ಯಿಂದಿ" ಅಂದೆ. ನಾಚಿಕೆಯಾಯಿತು ಅನ್ನುವುದಕ್ಕೆ ಬೇರೆ ಮಾತು ಸಿಗಲಿಲ್ಲ.

ಅವಳು "ನಾಕೂ" ಅಂದಳು. ನನಗೂ ಅಂತ. ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆಮೇಲೆ ಕುರ್ಚಿಯನ್ನು ಹೆಡ್‌ಮೇಷ್ಟ್ರ ಹತ್ತಿರ ಎಳೆದುಕೊಂಡಳು. ಅವರು ಹೆಸರು, ತಂದೆ, ತಾಯಿ, ಊರು ಅಂತ ಕೇಳುತ್ತಾ ಒಂದೊಂದೇ ತುಂಬಿಸಿದರು. ಮಾತೃಭಾಷೆ ಅನ್ನುವ ಕಡೆ ಬಂದಾಗ ಕೇಳದೆಯೇ ಕನ್ನಡ ಅಂತ ಹಾಕಲು ಹೋದರು. "ಎಲ್ರಿಗೂ ಹಂಗೇ ಹಾಕೋದು ಮೇಡಂ" ಅಂದರು ನನಗೆ.

"ತೆಲುಗು ಸಾರ್" ಅಂದಳು ಹುಡುಗಿ. ಅಂದು ನನ್ನ ಮುಖವನ್ನೇ ನೋಡುತ್ತಾ ಕೂತಳು. ಈ ಸಲ ನಾನು ನೀರು ಕುಡಿಯಲು ಎದ್ದು ಹೋಗಲಿಲ್ಲ.